ಟಾಮಿ ಜಾನ್ ಕೈ ವಾಪಸ್ ಬಂದಿದ್ದು ಹೇಗೆ

ಟಾಮಿ ಜಾನ್ ಅಂದ್ರೆ ಈಗ ಹೆಚ್ಚಿನವರಿಗೆ ನೆನಪಾಗೋದು ಆ ಹೆಸರಿನ ಮೊಣಕೈ ಆಪರೇಷನ್ನು, ಆ ಹೆಸರಿನ ಮನುಷ್ಯ ಬೇಸ್‌ಬಾಲ್‌ನಲ್ಲಿ 26 ಸೀಸನ್ ಪಿಚಿಂಗ್ (ಬ್ಯಾಟರ್‌ಗೆ ಬಾಲ್ ಎಸೆಯೋ ಕೆಲಸ) ಮಾಡಿದ್ದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇಲ್ಲಿ ಅಮೆರಿಕಾದಲ್ಲಿ ಬೇಸ್‌ಬಾಲ್ ಆಡೋ ಮಕ್ಕಳ ಭುಜ, ಮೊಣಕೈ ನೋಡೋ ಫಿಸಿಯೋ ನಾನು. ನಮ್ಮ ಕನ್ನಡದ ಮನೆಗಳ ಹುಡುಗ್ರೂ ಬರ್ತಾರೆ, ಅವರ ಅಪ್ಪ ಅಮ್ಮಂಗೆ ನಾನು ಮೊದಲು ಹೇಳೋದು ಇವರ ಕಥೆನೇ.

1974ರಲ್ಲಿ ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಎಡಗೈ ಪಿಚರ್, ವಯಸ್ಸು 31, ಆ ಸೀಸನ್‌ನಲ್ಲಿ 13 ಮ್ಯಾಚ್ ಗೆದ್ದು ಬರೀ 3 ಸೋತಿದ್ರು (ಬೇಸ್‌ಬಾಲ್‌ನಲ್ಲಿ ಗೆಲುವು ಸೋಲನ್ನ ಪಿಚರ್ ಹೆಸರಿಗೂ ಬರೀತಾರೆ). ಜುಲೈ 17ಕ್ಕೆ ಮಾಂಟ್ರಿಯಲ್ ಟೀಮ್ ಮೇಲೆ ಆಡ್ತಿದ್ದಾಗ ಮೊಣಕೈ ಒಳಬದಿಯ ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ನಾರು, ಕಿತ್ತೋಯ್ತು. ಆ ಕಾಲದಲ್ಲಿ ಹೀಗಾದ್ರೆ ಪಿಚರ್ ಮನೆಗೆ ಹೋಗ್ಬೇಕಿತ್ತು ಅಷ್ಟೇ, ಬೇರೆ ದಾರಿ ಇರ್ಲಿಲ್ಲ.

ಯಾಕೆ ಕಿತ್ತೋಗತ್ತೆ ಅಂದ್ರೆ, ಪಿಚರ್ ಕೈ ಪೂರ್ತಿ ಹಿಂದಕ್ಕೆ ಹೋಗಿ ಮುಂದಕ್ಕೆ ತಿರುಗೋ ಆ ಕ್ಷಣದಲ್ಲಿ ಬಗ್ಗಿರೋ ಮೊಣಕೈನ ಒಳಬದಿ ಬಾಯಿ ಬಿಡೋಕೆ ನೋಡತ್ತೆ, ಅದನ್ನ ಬಿಡದೆ ಹಿಡ್ಕೊಳ್ಳೋದು ಈ ಸಣ್ಣ ಲಿಗಮೆಂಟು, ಅದ್ರ ಜೊತೆ ಮುಂಗೈ ಸ್ನಾಯುಗಳು, ಸ್ನಾಯು ಸುಸ್ತಾದಷ್ಟೂ ಭಾರ ಲಿಗಮೆಂಟ್ ಮೇಲೆ ಬೀಳತ್ತೆ. ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡೋವಾಗ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೇರ ಆಗೋ ಹಾಗಿಲ್ಲ, ಅಂದ್ರೆ ಪಿಚರ್ ಥರ ಬಗ್ಗಿದ ಮೊಣಕೈ ಬೀಸಿ ಎಸೆಯೋ ಹಾಗಿಲ್ಲ, ಅದಕ್ಕೇ ನಮ್ಮ ಫಾಸ್ಟ್ ಬೌಲರ್‌ಗಳಿಗೆ ಈ ಗಾಯಕ್ಕಿಂತ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆ ಸಣ್ಣಗೆ ಬಿರುಕು ಬಿಡೋದು) ಕಾಟ ಜಾಸ್ತಿ.

ಸೆಪ್ಟೆಂಬರ್ 25ಕ್ಕೆ ಡಾಕ್ಟರ್ ಫ್ರ್ಯಾಂಕ್ ಜೋಬ್, ಟಾಮಿ ಜಾನ್ ಬಲಗೈ ಮಣಿಕಟ್ಟಿನ ಹತ್ರದಿಂದ ಒಂದು ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟೋ ನಾರು) ತೆಗೆದು, ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು, ಅದ್ರೊಳಗೆ ಪೋಣಿಸಿ ಹೊಸ ಲಿಗಮೆಂಟ್ ಮಾಡಿದ್ರು. ಹೆಬ್ಬೆರಳು ಕಿರುಬೆರಳು ಸೇರಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿ ನೋಡಿ, ನಡುವೆ ಎದ್ದು ಕಾಣೋ ದಾರ ಇದ್ಯಲ್ಲ ಅದೇ ಆ ಟೆಂಡನ್, ಕೆಲವರಿಗೆ ಹುಟ್ಟಿನಿಂದಲೇ ಇರಲ್ಲ, ಇಲ್ದಿದ್ರೂ ಕೈಗೆ ಏನೂ ಕಡಿಮೆ ಆಗಲ್ಲ. ವಾಪಸ್ ಆಡೋ ಚಾನ್ಸ್ 100ಕ್ಕೆ 1 ಅಂತ ಜೋಬ್ ಹೇಳಿದ್ರು. ಆಮೇಲೆ ಮೊಣಕೈ ನರಕ್ಕೆ ತೊಂದ್ರೆ ಆಗಿ ಬೆರಳುಗಳು ಮುದುಡ್ಕೊಂಡ್ವು, ಡಿಸೆಂಬರ್‌ನಲ್ಲಿ ಮತ್ತೊಂದು ಆಪರೇಷನ್ ಆಯ್ತು.

ನನಗೆ ಈ ಕಥೇಲಿ ಎಲ್ಲಕ್ಕಿಂತ ದೊಡ್ಡದು ಅನ್ಸೋದು 1975, ಯಾಕಂದ್ರೆ ಆ ಇಡೀ ವರ್ಷ ಅವರು ಒಂದೂ ಮೇಜರ್ ಲೀಗ್ ಮ್ಯಾಚ್ ಆಡ್ಲಿಲ್ಲ. ಹೊಲಿದ ಟೆಂಡನ್ ಮೊದಲ ದಿನಾನೇ ಲಿಗಮೆಂಟ್ ಆಗಿರಲ್ಲ, ಅದಕ್ಕೆ ರಕ್ತ ಹರಿದು, ನಾರು ಬದಲಾಗಿ, ಎಳೆತ ತಡ್ಕೊಳ್ಳೋ ಹಾಗೆ ಗಟ್ಟಿ ಆಗೋಕೆ ತಿಂಗಳುಗಟ್ಟಲೆ ಬೇಕು. ಈಗಲೂ ಪಿಚರ್‌ಗಳು ಆಟಕ್ಕೆ ಬರೋಕೆ 12ರಿಂದ 18 ತಿಂಗಳು ಹಿಡಿಯತ್ತೆ, ಅರ್ಧ ಶತಮಾನ ಆದ್ಮೇಲೂ ಈ ಕಾಯೋ ಟೈಮನ್ನ ಯಾರಿಗೂ ಕತ್ತರಿಸಿ ಬಿಸಾಕೋಕೆ ಆಗಿಲ್ಲ.

1976ರಲ್ಲಿ ಬಂದ್ರು, 10 ಗೆದ್ದು 10 ಸೋತ್ರು, ಆದ್ರೆ ಆ ಸೀಸನ್‌ನಲ್ಲಿ 200 ಇನ್ನಿಂಗ್ಸ್‌ಗಿಂತ ಜಾಸ್ತಿ ಪಿಚ್ ಮಾಡಿದ್ರು, ಅಂದ್ರೆ ಕೈ ಅಷ್ಟು ಭಾರ ತಡ್ಕೊಳ್ತು, ಫಿಸಿಯೋ ಕಣ್ಣಿಗೆ ಅದೇ ನಿಜವಾದ ಸುದ್ದಿ. 1977ರಲ್ಲಿ 20 ಗೆಲುವು, ನ್ಯೂಯಾರ್ಕ್ ಯಾಂಕೀಸ್ ಟೀಮ್‌ಗೆ ಹೋದ್ಮೇಲೆ 1979ರಲ್ಲಿ 21, 1980ರಲ್ಲಿ 22. 1989ರಲ್ಲಿ ಆಟ ಬಿಟ್ಟಾಗ ವಯಸ್ಸು 46, ಒಟ್ಟು 288 ಗೆಲುವು, ಅದ್ರಲ್ಲಿ 164 ಆಪರೇಷನ್ ಆದ್ಮೇಲಿನವು! ಅವರು ಬರೀ ವೇಗ ನಂಬ್ಕೊಂಡ ಪಿಚರ್ ಆಗಿರ್ಲಿಲ್ಲ, ಬ್ಯಾಟ್ ಹತ್ರ ಬಂದು ಕೆಳಕ್ಕೆ ಬೀಳೋ ಸಿಂಕರ್ ಹಾಕಿ ಬಾಲ್ ನೆಲಕ್ಕೆ ಹೊಡೆಸ್ತಿದ್ರು, ಅಷ್ಟು ವರ್ಷ ಕೈ ಬಾಳಿಕೆ ಬಂದಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಈಗ ಕೆಲವು ಅಪ್ಪಂದಿರು ಆಪರೇಷನ್ ಮಾಡಿಸಿದ್ರೆ ಸ್ಪೀಡ್ ಜಾಸ್ತಿ ಆಗತ್ತಂತಲ್ಲ ಅಂತ ಕೇಳ್ತಾರೆ, ಮಗನ ಲಿಗಮೆಂಟ್ ಚೆನ್ನಾಗೇ ಇರತ್ತೆ. ದಯವಿಟ್ಟು ಈ ಯೋಚನೆ ಬಿಡಿ. ಆಪರೇಷನ್ ಹೋಗಿದ್ದನ್ನ ವಾಪಸ್ ಕೊಡ್ಬಹುದು, ಅದೂ ಎಲ್ಲರಿಗೂ ಅಲ್ಲ, ಆಮೇಲೆ ಸ್ಪೀಡ್ ಜಾಸ್ತಿ ಆಗಿದ್ರೆ ಅದು ಆ ವರ್ಷ ಕಾಲು, ಸೊಂಟ, ಭುಜಕ್ಕೆ ಮಾಡಿದ ಕಸರತ್ತಿನ ಫಲ.

11-12 ವಯಸ್ಸಿನ ಮಕ್ಕಳಿಗೆ ಲಿಟಲ್ ಲೀಗ್ ಅನ್ನೋ ಮಕ್ಕಳ ಬೇಸ್‌ಬಾಲ್‌ನಲ್ಲಿ ದಿನಕ್ಕೆ 85 ಪಿಚ್ (ಎಸೆತ) ಮಿತಿ, 66 ಅಥವಾ ಜಾಸ್ತಿ ಹಾಕಿದ್ರೆ 4 ದಿನ ರೆಸ್ಟ್. ಆದ್ರೆ ಹುಡುಗ ಎರಡು ಟೀಮ್‌ಗೆ ಆಡ್ತಿರ್ತಾನೆ, ಇಬ್ಬರು ಕೋಚ್ ಬೇರೆ ಬೇರೆ ಲೆಕ್ಕ ಇಟ್ಟಿರ್ತಾರೆ, ಒಟ್ಟು ಎಷ್ಟು ಅಂತ ಇಬ್ಬರಿಗೂ ಗೊತ್ತಿರಲ್ಲ. ಆ ಲೆಕ್ಕ ನೀವೇ ಮನೇಲಿ ಇಡಿ, ಇಬ್ಬರಿಗೂ ತೋರಿಸಿ, ಮೊಣಕೈ ಒಳಬದಿ ನೋವು ಅಂತ ಮಗು ಹೇಳಿದ ದಿನ ಬಾಲ್ ಮುಟ್ಟಿಸ್ಬೇಡಿ, ಐಸ್ ಇಟ್ಟು ಆಡಿಸೋದಂತೂ ಬೇಡವೇ ಬೇಡ, ಸೀದಾ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.