ಪದ ಪರಿಚಯ: ಇನ್‌ಸ್ಪೆಕ್ಟರ್ ಜನರಲ್

ಐಜಿ ಅಂದ ಕೂಡಲೇ ನಮಗೆ ಕಣ್ಮುಂದೆ ಬರುವುದು ಖಾಕಿ ತೊಟ್ಟ ದೊಡ್ಡ ಪೊಲೀಸ್ ಅಧಿಕಾರಿ. ಅಮೆರಿಕದ ಸುದ್ದಿ ಓದುವಾಗ ಆ ಚಿತ್ರವನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಅಲ್ಲಿ ಇನ್‌ಸ್ಪೆಕ್ಟರ್ ಜನರಲ್ ಅಂದರೆ ಸರ್ಕಾರದ ಇಲಾಖೆಯೊಳಗೇ ಕೂತು ಅದೇ ಇಲಾಖೆಯ ಲೆಕ್ಕ ಕೇಳುವವರು. ದುಡ್ಡು ಎಲ್ಲಿಗೆ ಹೋಯ್ತು, ಯಾರು ತಿಂದರು, ಯಾವುದು ಸುಮ್ನೆ ಹಾಳಾಯ್ತು ಅಂತ ಕಡತ ತೆಗೆಸಿ ನೋಡುವುದೇ ಅವರ ಕೆಲಸ. ನಮ್ಮ ಸಿಎಜಿ ಸ್ವಲ್ಪ, ಲೋಕಾಯುಕ್ತ ಸ್ವಲ್ಪ ಸೇರಿದ ಹಾಗೆ ಅಂದುಕೊಳ್ಳಿ.

ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡುವಂತೆ ಮಾಡಿದ ವಾಟರ್‌ಗೇಟ್ ಹಗರಣದ ನಂತರ ಅಲ್ಲಿನ ಜನಕ್ಕೆ ಸರ್ಕಾರದ ಮೇಲಿನ ನಂಬಿಕೆ ಕುಸಿದಿತ್ತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ 12 ಕಡೆ ಈ ಹುದ್ದೆ ಬಂತು. ಈಗ 70ಕ್ಕೂ ಜಾಸ್ತಿ ಇವೆ. ಪಕ್ಷ ನೋಡದೆ, ಪ್ರಾಮಾಣಿಕತೆ ಮತ್ತು ಲೆಕ್ಕಪತ್ರದಂಥ ಕೆಲಸದ ಪರಿಣತಿ ನೋಡಿ ನೇಮಿಸಬೇಕು ಅಂತ ಕಾನೂನೇ ಹೇಳುತ್ತದೆ. ವರದಿ ಇಲಾಖೆಯ ಮುಖ್ಯಸ್ಥರ ಮೇಜಿನಲ್ಲೇ ಕೊಳೆಯುವಂತಿಲ್ಲ, ಸಂಸತ್ತಿಗೂ ಹೋಗಬೇಕು.

ಹಾಗಾದರೆ ಇವರನ್ನು ತೆಗೆಯುವ ಹಾಗೇ ಇಲ್ವಾ? ಇದೆ. ದೊಡ್ಡ ಇಲಾಖೆಗಳಲ್ಲಿ ಇರುವವರನ್ನು ಅಧ್ಯಕ್ಷರು ತೆಗೆಯಬಹುದು. ಆದರೆ 30 ದಿನ ಮೊದಲೇ ಸಂಸತ್ತಿಗೆ ತಿಳಿಸಬೇಕು. 2022ರ ತಿದ್ದುಪಡಿ ಬಂದ ಮೇಲೆ, ಯಾಕೆ ತೆಗೆಯುತ್ತಿದ್ದೇವೆ ಅಂತ ವಿವರವಾದ ಕಾರಣವನ್ನೂ ಕೊಡಬೇಕು. ಈ 30 ದಿನವೇ ಕಾನೂನಿನ ಜೀವ ಅಂತ ನನಗೆ ಅನಿಸುತ್ತದೆ. ಇವರ ಕೈಯಲ್ಲಿ ಈಗ ಯಾವ ತನಿಖೆ ಇದೆ, ಅದು ಯಾರ ಬುಡಕ್ಕೆ ಬರುತ್ತಿದೆ ಅಂತ ಸಂಸದರು ಕೇಳಲು ಸಿಗುವ ಸಮಯ ಅದೊಂದೇ.

2025ರ ಜನವರಿ 24, ಶುಕ್ರವಾರ ರಾತ್ರಿ. ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದು ಇನ್ನೂ ವಾರವೂ ಆಗಿರಲಿಲ್ಲ. ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಚಿಕ್ಕದೊಂದು ಇಮೇಲ್ ಕಳಿಸಿ ತೆಗೆಯಲಾಯಿತು. ಆದ್ಯತೆಗಳು ಬದಲಾಗುತ್ತಿವೆ, ಅದಕ್ಕೇ ತೆಗೆಯುತ್ತಿದ್ದೇವೆ. ಕಾರಣ ಅಂತ ಇದ್ದದ್ದು ಅಷ್ಟೇ. 30 ದಿನದ ನೋಟಿಸ್ ಇಲ್ಲ. 1981ರಲ್ಲಿ ರೇಗನ್ ಕೂಡ ಎಲ್ಲರನ್ನೂ ಒಟ್ಟಿಗೇ ತೆಗೆದಿದ್ದರು. ಟೀಕೆ ಬಂದ ಮೇಲೆ ಕೆಲವರನ್ನು ವಾಪಸ್ ಕರೆದರು. ಈ ಸಲ ಹಾಗಾಗಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಎರಡು ವಾರದ ನಂತರ ನಡೆದದ್ದು. ಬಡ ದೇಶಗಳಿಗೆ ನೆರವು ಕಳಿಸುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಪಾಲ್ ಮಾರ್ಟಿನ್. ಫೆಬ್ರುವರಿ 10ರಂದು ಅವರ ಕಚೇರಿ ಒಂದು ವರದಿ ಹೊರಡಿಸಿತು. ಟ್ರಂಪ್ ಸರ್ಕಾರ ನೆರವು ನಿಲ್ಲಿಸಿ ಸಿಬ್ಬಂದಿಯನ್ನು ಮನೆಗೆ ಕಳಿಸಿದ್ದರಿಂದ, ಬಂದರಿನಲ್ಲಿ, ಹಡಗಿನಲ್ಲಿ, ಗೋದಾಮಿನಲ್ಲಿ ಇರುವ 48.9 ಕೋಟಿ ಡಾಲರ್ ಬೆಲೆಯ ಆಹಾರ ಕೆಟ್ಟುಹೋಗುವ ಅಪಾಯ ಇದೆ ಅಂತ ಅದರಲ್ಲಿ ಎಚ್ಚರಿಸಿದ್ದರು. ಮಾರನೇ ದಿನವೇ ಮಾರ್ಟಿನ್ ಕೆಲಸ ಹೋಯ್ತು. ಹಸಿದವರ ಬಾಯಿಗೆ ಹೋಗಬೇಕಾದ ಕಾಳು ಹುಳ ಹಿಡಿಯುತ್ತದೆ ಅಂತ ಹೇಳುವುದೇ ಅವರ ಕೆಲಸ, ಅಲ್ವಾ?

ಒಬ್ಬರನ್ನು ಹೀಗೆ ತೆಗೆದರೆ ಅವರ ಕಚೇರಿ ಮುಚ್ಚುವುದಿಲ್ಲ. ಲೆಕ್ಕ ನೋಡುವವರು ಇರುತ್ತಾರೆ, ಕಡತಗಳೂ ಇರುತ್ತವೆ. ಆದರೆ ಆ ಕುರ್ಚಿಗೆ ತಾತ್ಕಾಲಿಕವಾಗಿ ಬಂದವರು ಮುಂದಿನ ವರದಿಗೆ ಸಹಿ ಹಾಕುವಾಗ ಕೈ ತಡೆಯದೇ ಇರುತ್ತದಾ? ಇಂಥ ಭಯದಿಂದ ಬರೆಯದೇ ಉಳಿದ ಸಾಲುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಜನಕ್ಕೆ ಆಗುವ ದೊಡ್ಡ ನಷ್ಟ ಅದೇ.

ನಮ್ಮ ರಾಜ್ಯದಲ್ಲಿ ಇನ್ನೊಂದು ದಾರಿ ಕಂಡಿದ್ದೇವೆ. 2016ರಲ್ಲಿ ಲೋಕಾಯುಕ್ತರನ್ನು ತೆಗೆಯಲಿಲ್ಲ. ಸರ್ಕಾರದ ಕೈಕೆಳಗೇ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ ಮಾಡಿ, ಭ್ರಷ್ಟಾಚಾರದ ಕೇಸುಗಳನ್ನು ಲೋಕಾಯುಕ್ತ ಪೊಲೀಸರ ಕೈಯಿಂದ ತೆಗೆದು ಅದಕ್ಕೆ ಕೊಟ್ಟರು. ಆಗ ಲೋಕಾಯುಕ್ತವನ್ನು ಹಲ್ಲು ಕಿತ್ತ ಹಾವು ಅಂತ ಜನ ಬೇಜಾರಿನಿಂದ ಹೇಳುತ್ತಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಹಲ್ಲು ವಾಪಸ್ ಬರಲು ಆರು ವರ್ಷ ಬೇಕಾಯ್ತು.

ಅಮೆರಿಕದಲ್ಲೂ, ಜನವರಿಯಲ್ಲಿ ಕೆಲಸ ಕಳೆದುಕೊಂಡವರಲ್ಲಿ ಎಂಟು ಮಂದಿ ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಆನಾ ರೇಯಸ್ ತೀರ್ಪು ಕೊಟ್ಟರು: ತೆಗೆದ ರೀತಿ ಕಾನೂನಿಗೆ ವಿರುದ್ಧ. ಆದರೂ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿ ಅಂತ ಆದೇಶ ಕೊಡಲಿಲ್ಲ. ಸೇರಿಸಿದರೂ, ಅಧ್ಯಕ್ಷರು 30 ದಿನದ ನೋಟಿಸ್ ಕೊಟ್ಟು ಮತ್ತೆ ತೆಗೆಯುತ್ತಾರೆ ಅನ್ನುವುದು ಅವರು ಕೊಟ್ಟ ಕಾರಣ.