ಮುಖ ನಿಂತಲ್ಲೇ ಇದೆ, ಗೋಡೆ ನಡೆದು ಬರುತ್ತಿದೆ

ಪರದೆಯ ಮೇಲೆ ಪಾತ್ರದ ಮುಖ ಇದ್ದಷ್ಟೇ ಗಾತ್ರದಲ್ಲಿದೆ. ಅದರ ಹಿಂದಿನ ಗೋಡೆ ಮಾತ್ರ ಮೆಲ್ಲಗೆ ಹತ್ತಿರ ಬರುತ್ತಿದೆ. ಯಾರೂ ಮಾತಾಡಿಲ್ಲ, ಆದರೂ ನೋಡುವವರ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಸಿನಿಮಾದವರು ಇದನ್ನು ಡಾಲಿ ಜೂಮ್ ಎನ್ನುತ್ತಾರೆ: ಕ್ಯಾಮೆರಾ ಹೊತ್ತ ಟ್ರಾಲಿ ಹಿಂದೆ ಸರಿಯುತ್ತಿರುವಾಗಲೇ ಲೆನ್ಸ್ ಜೂಮ್ ಮಾಡಿ ಮುಖವನ್ನು ಹತ್ತಿರ ತರುವುದು, ಇಲ್ಲವೇ ಇದರ ತಿರುಗುಮುರುಗು.

ನಿರ್ದೇಶಕ ಹಿಚ್‌ಕಾಕ್ 1958ರ ‘ವರ್ಟಿಗೊ’ದಲ್ಲಿ ಎತ್ತರದ ಭಯವಿರುವ ನಾಯಕನ ತಲೆಸುತ್ತನ್ನು ತೋರಿಸಲು ಇದನ್ನು ಬಳಸಿದರು. ಅದನ್ನು ಸಾಧಿಸಿಕೊಟ್ಟವರು ಛಾಯಾಗ್ರಾಹಕ ಇರ್ಮಿನ್ ರಾಬರ್ಟ್ಸ್. ಚಿತ್ರದ ಗಂಟೆಗೋಪುರದ ಅಷ್ಟೆತ್ತರದ ಮೆಟ್ಟಿಲ ಮೇಲೆ ಭಾರದ ಕ್ಯಾಮೆರಾ ಏರಿಸಿ ಇಳಿಸುವುದು ವಿಪರೀತ ಖರ್ಚಿನ ಕೆಲಸ. ಹಾಗಾಗಿ ಮೆಟ್ಟಿಲಿನ ಪುಟ್ಟ ಮಾದರಿ ಮಾಡಿ, ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿದರು. ಬಾವಿಗೆ ಇಳಿಯುವ ಬದಲು ಬಾವಿಯನ್ನೇ ಮಲಗಿಸಿದ ಹಾಗೆ!

ಇದರ ಲೆಕ್ಕ ಸರಳ. ಚೌಕಟ್ಟಿನಲ್ಲಿ ಮುಖದ ಗಾತ್ರ ಬದಲಾಗಬಾರದೆಂದರೆ ದೂರ ಎಷ್ಟು ಪಟ್ಟಾಯಿತೋ ಲೆನ್ಸಿನ ಫೋಕಲ್ ಲೆಂಗ್ತ್ (ಲೆನ್ಸ್ ಎಷ್ಟು ಹಿಗ್ಗಿಸಿ ತೋರಿಸುತ್ತದೆಂಬುದರ ಎಂಎಂ ಅಳತೆ) ಅಷ್ಟೇ ಪಟ್ಟಾಗಬೇಕು. ಮುಖದಿಂದ 1.5 ಮೀಟರ್ ದೂರದಲ್ಲಿ 24 ಎಂಎಂನಿಂದ ಶುರುಮಾಡಿದರೆ, ಟ್ರಾಲಿ 4.5 ಮೀಟರಿಗೆ ಹಿಂದೆ ಸರಿಯುವಷ್ಟರಲ್ಲಿ ಜೂಮ್ 72 ಎಂಎಂ ಮುಟ್ಟಿರಬೇಕು. ಪಾತ್ರದ ಬೆನ್ನ ಹಿಂದೆ 9 ಮೀಟರ್ ಆಚೆ ಗೋಡೆ ಇದ್ದರೆ ಅದು ಸುಮಾರು 2.3 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಗೋಡೆ ಅರ್ಧ ಮೀಟರ್ ಹಿಂದಿದ್ದರೆ ಬರೀ 1.2 ಪಟ್ಟು. ಗೋಡೆಗೊರಗಿಸಿ ನಿಲ್ಲಿಸಿದ ನಟನ ಮೇಲೆ ಈ ತಂತ್ರ ಪ್ರಯೋಗಿಸುವವರು ಟ್ರಾಲಿ ಬಾಡಿಗೆ ದಂಡ ಮಾಡುತ್ತಾರೆ, ಅಷ್ಟೆ.

ಕಸಿವಿಸಿ ಏಕೆ? ನಾವು ಹಿಂದಕ್ಕೆ ನಡೆದರೆ ಹತ್ತಿರದ್ದು ಬೇಗ ಕುಗ್ಗುತ್ತದೆ, ದೂರದ್ದು ನಿಧಾನವಾಗಿ. ನಡೆಯುತ್ತಿರುವುದು ನಾನೋ ಲೋಕವೋ ಎಂದು ಮಿದುಳು ಅಳೆಯುವ ಬಗೆಗಳಲ್ಲಿ ಇದೂ ಒಂದು. ಇಲ್ಲಿ ಹತ್ತಿರದ ಮುಖ ಕುಗ್ಗುವುದೇ ಇಲ್ಲ, ದೂರದ ಗೋಡೆ ಹಿಗ್ಗುತ್ತದೆ. ನಿಜಜೀವನದ ಯಾವ ನಡಿಗೆಗೂ ಇದು ಹೊಂದುವುದಿಲ್ಲ. ಮೈ ಅಲುಗಿಲ್ಲವೆಂದು ಒಳಕಿವಿ ಬೇರೆ ಹೇಳುತ್ತಿರುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಹೊಂದಾಣಿಕೆಯಲ್ಲಿ. ಮೇಲಿನ ಶಾಟನ್ನು 6 ಸೆಕೆಂಡಿನಲ್ಲಿ ಮುಗಿಸಬೇಕಾದರೆ ಟ್ರಾಲಿ ಸೆಕೆಂಡಿಗೆ ಅರ್ಧ ಮೀಟರ್, ಜೂಮ್ ಸೆಕೆಂಡಿಗೆ 8 ಎಂಎಂ. ಆದರೆ ಜೂಮ್ ರಿಂಗಿನ ಮೇಲೆ ಈ ಅಂಕಿಗಳು ಸಮ ಅಂತರದಲ್ಲಿ ಇರುವುದಿಲ್ಲ, ಆದ್ದರಿಂದ ಕೈ ಒಂದೇ ವೇಗದಲ್ಲಿ ತಿರುಗಿಸಿದರೆ ತಪ್ಪುತ್ತದೆ. ಹಳಿಯ ಪಕ್ಕ ಅರ್ಧ ಮೀಟರಿಗೊಂದು ಟೇಪ್ ಅಂಟಿಸಿ, ರಿಂಗಿನ ಮೇಲೆ 32, 40, 48, 56, 64ಕ್ಕೆ ಗುರುತು ಹಾಕಿಕೊಳ್ಳಿ. ಮಾನಿಟರಿನ ಮೇಲೂ ಕಣ್ಣು, ಎರಡೂ ಗಲ್ಲದ ಅಂಚಿಗೆ ಒಂದೊಂದು ಗೆರೆ ಇರಲಿ. ಮುಖ ಗೆರೆ ದಾಟಿತೋ, ಪ್ರೇಕ್ಷಕರಿಗೆ ಅದು ಮಾಮೂಲಿ ಜೂಮ್. ದೂರ ಬದಲಾಗುತ್ತಲೇ ಇರುವುದರಿಂದ ಫೋಕಸ್ ಪುಲ್ಲರ್‌ಗೆ (ಶಾಟ್ ನಡೆಯುವಾಗ ಫೋಕಸ್ ಹೊಂದಿಸುವ ಸಹಾಯಕ) ಪ್ರತ್ಯೇಕ ರಿಹರ್ಸಲ್ ಬೇಕು.

ಇನ್ನು ವೇಗ. ನನ್ನ ಪ್ರಕಾರ ಕೌಶಲ ಬೇಕಿರುವುದು ಇಲ್ಲೇ. ‘ಜಾಸ್’ (1975) ಚಿತ್ರದ ಕಡಲತೀರದಲ್ಲಿ ಪೊಲೀಸ್ ಮುಖ್ಯಸ್ಥ ಶಾರ್ಕ್ ದಾಳಿ ಕಂಡಾಗ ಇದು ಸರ್ರನೆ ನಡೆದುಹೋಗುತ್ತದೆ. ಎದೆ ಧಸಕ್ಕೆನ್ನುವ ಅನುಭವ. ‘ಗುಡ್‌ಫೆಲಾಸ್’ನ (1990) ಹೋಟೆಲ್ ದೃಶ್ಯದಲ್ಲಿ ಪರಸ್ಪರ ನಂಬದ ಇಬ್ಬರು ಕೂತು ಮಾತಾಡುತ್ತಿರುತ್ತಾರೆ, ಹಿನ್ನೆಲೆ ಕದಲುತ್ತಿರುವುದು ಮೊದಲಿಗೆ ಗೊತ್ತೇ ಆಗದಷ್ಟು ನಿಧಾನ. ಮೆಲ್ಲಗೆ ಆಗುವ ಬದಲಾವಣೆಯನ್ನು ಕಣ್ಣು ಸುಲಭವಾಗಿ ಹಿಡಿಯುವುದಿಲ್ಲ. ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ತಿಳಿಯದು. ಎದುರಿನವನನ್ನು ನಂಬಲಾಗದ ಸ್ಥಿತಿ ಸರಿಯಾಗಿ ಅದೇ.

ಮೊಬೈಲಿನಲ್ಲೂ ಮಾಡಿ ನೋಡಬಹುದು. 4ಕೆಯಲ್ಲಿ, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ, 1 ಮೀಟರಿನಿಂದ 2 ಮೀಟರಿಗೆ ಒಂದೇ ಸಮನೆ ಹಿಂದಕ್ಕೆ ನಡೆಯಿರಿ. ಎಡಿಟಿಂಗ್‌ನಲ್ಲಿ 1080ಪಿ ಟೈಮ್‌ಲೈನಿಗೆ ಹಾಕಿ, ಚೌಕಟ್ಟಿಗೆ ಹೊಂದಿಸಿದ ಗಾತ್ರವನ್ನು 100ರಿಂದ 200 ಪ್ರತಿಶತಕ್ಕೆ ಏರಿಸಿ. 4ಕೆಯಲ್ಲಿ ಎರಡು ಪಟ್ಟು ಪಿಕ್ಸೆಲ್ ಅಗಲ ಇರುವುದರಿಂದ ಚಿತ್ರ ಒಡೆಯದು. ಆದರೆ ಕೀಫ್ರೇಮಿಗೆ (ಗಾತ್ರ ಬದಲಾಗುವ ಶುರು ಮತ್ತು ಕೊನೆಯ ಗುರುತು) ‘ಈಸ್’ ಕೊಡಲೇಬೇಡಿ: ನಿಮ್ಮ ನಡಿಗೆ ಒಂದೇ ವೇಗದ್ದು, ಈಸ್ ಕೊಟ್ಟ ಜೂಮ್ ನಿಧಾನವಾಗಿ ಹೊರಟು ನಡುವೆ ಓಡುತ್ತದೆ. ಆಗ ಮುಖ ಮೊದಲು ಕುಗ್ಗಿ, ಆಮೇಲೆ ಊದಿಕೊಂಡು, ಕೊನೆಗೆ ಜಾಗಕ್ಕೆ ಬರುತ್ತದೆ.