ಹಾವಸೆ ದಾರಿಯಲ್ಲಿ ಮುಂದಿನ ಬ್ರೇಕು

"ಮಳೇಲಿ ಮುಂದಿನ ಬ್ರೇಕು ಮುಟ್ಟಬೇಡ, ಪಲ್ಟಿ ಹೊಡೀತೀಯ." ತೀರ್ಥಹಳ್ಳಿಯಿಂದ ಸಾಗರದವರೆಗೆ ಸೈಕಲ್ ಕಲಿಯುವ ಮಕ್ಕಳ ಕಿವಿಗೆ ಬೀಳುವ ಬುದ್ಧಿಮಾತು ಇದು. ಡಿಸ್ಕ್ ಬ್ರೇಕಿನ ಮೌಂಟನ್ ಬೈಕು ಕೈಗೆ ಬಂದ ಮೇಲೂ ಈ ಮಾತು ಬೆನ್ನು ಬಿಡುವುದಿಲ್ಲ. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಮಣ್ಣಿನ ಇಳಿಜಾರಿನಲ್ಲಿ ಬೀಳುವವರನ್ನು ನೋಡಿ. ಹ್ಯಾಂಡಲ್ ದಾಟಿ ಹಾರಿದವರು ಅಪರೂಪ. ಪಕ್ಕಕ್ಕೆ ಜಾರಿ ಸೊಂಟ, ಮೊಣಕೈ ತರಚಿಕೊಂಡವರೇ ಹೆಚ್ಚು. ಪಲ್ಟಿಯ ಭಯವೇ ಅವರನ್ನು ಜಾರಿಸಿರುತ್ತದೆ.

ಈ ಭಯಕ್ಕೆ ವಂಶಾವಳಿಯೂ ಇದೆ. 1870ರ ದಶಕದ ಎತ್ತರದ ಸೈಕಲ್ಲುಗಳಲ್ಲಿ ಸವಾರ ಆಳೆತ್ತರದ ಮುಂದಿನ ಚಕ್ರದ ಮೇಲೆ, ಅಚ್ಚಿಗಿಂತ ಚೂರೇ ಹಿಂದೆ ಕೂರುತ್ತಿದ್ದ. ಒಂದು ಕಲ್ಲು ಅಡ್ಡ ಬಂದರೂ ಮುಖ ಅಡಿಯಾಗಿ ಬೀಳಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಹಿಂದಿನ ಚಕ್ರಕ್ಕೆ ಚೈನು ಹಾಕಿದ 'ರೋವರ್' ಸೈಕಲ್ ತಂದ. ಸವಾರ ಕೆಳಗಿಳಿದ, ಹಿಂದೆ ಸರಿದ. ಸೈಕಲ್ಲು ಬದಲಾಗಿ 140 ವರ್ಷವಾಯಿತು, ಬುದ್ಧಿಮಾತು ಮಾತ್ರ ಹಾಗೇ ಉಳಿಯಿತು.

ಲೆಕ್ಕ ಹಾಕೋಣ. ಸವಾರ, ಸೈಕಲ್ಲು ಸೇರಿದ ಭಾರಕೇಂದ್ರ ನೆಲದಿಂದ ಸುಮಾರು 110 ಸೆಂ.ಮೀ. ಎತ್ತರದಲ್ಲಿ, ಮುಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ 65 ಸೆಂ.ಮೀ. ಹಿಂದೆ ಇದೆ ಎನ್ನಿ. 65ನ್ನು 110ರಿಂದ ಭಾಗಿಸಿದರೆ 0.59. ಟೈರಿಗೂ ನೆಲಕ್ಕೂ ಇರುವ ಘರ್ಷಣಾಂಕ (ಹಿಡಿತದ ಅಳತೆ) ಇದನ್ನು ದಾಟಿದರೆ ಮಾತ್ರ ಮುಂದಿನ ಬ್ರೇಕು ಸೈಕಲ್ಲನ್ನು ಎತ್ತಿ ಹಾಕಬಲ್ಲದು. ಒಣ ಡಾಂಬರಿನಲ್ಲಿ ದಾಟುತ್ತದೆ. ಒದ್ದೆ ಮಣ್ಣಿಗೆ 0.3 ಎಂದು ಹಿಡಿದರೆ, ಪಲ್ಟಿಗೆ ಮೊದಲೇ ಚಕ್ರ ಜಾರಿಬಿಡುತ್ತದೆ. ಇಳಿಜಾರು ಎಷ್ಟೇ ಕಡಿದಾಗಿರಲಿ, ಸೈಕಲ್ಲಿನ ಮೇಲಿನ ನಿಮ್ಮ ಭಂಗಿ ಬದಲಾಗದಿದ್ದರೆ ಈ 0.59 ಕೂಡ ಬದಲಾಗುವುದಿಲ್ಲ. ಒಂದೇ ಅಪವಾದ: ಬೇರು, ಕಲ್ಲಿನ ಅಂಚಿಗೆ ಚಕ್ರ ತಗುಲಿದ ಕ್ಷಣದಲ್ಲಿ ಬ್ರೇಕು ಹಿಡಿದಿದ್ದರೆ ಆ ಅಂಚೇ ಕಾಲು ಕೊಟ್ಟು ಕೆಡವುತ್ತದೆ. ಅಂಥಲ್ಲಿ ಬ್ರೇಕು ಪೂರ್ತಿ ಬಿಟ್ಟು, ಬೇರಿಗೆ ನೇರ ಅಡ್ಡಲಾಗಿ ದಾಟಬೇಕು.

ಹಿಂದಿನ ಬ್ರೇಕನ್ನೇ ನಂಬಿದರೆ ಏನಾಗುತ್ತದೆ? ಗಂಟೆಗೆ 18 ಕಿ.ಮೀ. ವೇಗ, ಅದೇ 0.3ರ ನೆಲ. ಸಮತಟ್ಟಿನಲ್ಲಿ ಎರಡೂ ಬ್ರೇಕು ಸರಿಯಾಗಿ ಹಿಡಿದರೆ ಸುಮಾರು 4 ಮೀಟರಿನಲ್ಲಿ ನಿಲ್ಲುತ್ತೀರಿ. ಹಿಂದಿನದು ಮಾತ್ರವಾದರೆ 10 ಮೀಟರ್ ಬೇಕು. 10 ಮೀಟರಿಗೆ 1 ಮೀಟರ್ ಇಳಿಯುವ ದಾರಿಯಲ್ಲಿ ಎರಡಕ್ಕೂ ಸೇರಿ 6 ಮೀಟರ್ ಚಿಲ್ಲರೆ, ಹಿಂದಿನದಕ್ಕೊಂದಕ್ಕೇ ಸುಮಾರು 40 ಮೀಟರ್! ಮಲೆನಾಡಿನ ಕಾಲುದಾರಿಯಲ್ಲಿ 40 ಮೀಟರಿನೊಳಗೆ ಒಂದು ತಿರುವು, ಒಂದು ಧರೆ, ಒಂದು ಹಳ್ಳ ಬಂದೇ ಬರುತ್ತದೆ. ಕಾರಣ ಸರಳ: ಬ್ರೇಕು ಹಿಡಿದೊಡನೆ ಭಾರ ಮುಂದಕ್ಕೆ ವಾಲುತ್ತದೆ. ಅಡಿಕೆ ಮೂಟೆ ಹೊತ್ತವನು ಗಕ್ಕನೆ ನಿಂತರೆ ಮೂಟೆ ಮುಂದೆ ತಳ್ಳುವಂತೆ. 100 ಕೆ.ಜಿ.ಯ ಒಟ್ಟು ತೂಕದಲ್ಲಿ ಸುಮ್ಮನೆ ಉರುಳುವಾಗ ಮುಂದಿನ ಚಕ್ರದ ಪಾಲು 43 ಕೆ.ಜಿ. ಇದ್ದರೆ, ಎರಡೂ ಬ್ರೇಕು ಪೂರ್ತಿ ಹಿಡಿದಾಗ 72 ಆಗುತ್ತದೆ. ಹಿಡಿತ ಭಾರದ ಬೆನ್ನಿಗೇ ಹೋಗುವಂಥದ್ದು. ಭಾರ ಕಳೆದುಕೊಂಡ ಹಿಂದಿನ ಚಕ್ರವನ್ನೇ ಹಿಡಿದು ನಿಲ್ಲುತ್ತೇನೆಂದರೆ ಅದು ಎಲ್ಲಿಂದ ತಂದುಕೊಡಬೇಕು?

ಹೆದರಿದವನು ಇನ್ನೊಂದು ತಪ್ಪೂ ಮಾಡುತ್ತಾನೆ: ಸೀಟಿನ ಹಿಂದಕ್ಕೆ ಜೋತುಬೀಳುತ್ತಾನೆ. ಆಗ ಮುಂದಿನ ಚಕ್ರ ಹಗುರಾಗಿ, ತಿರುವಿನಲ್ಲಿ ಮಣ್ಣಿಗೆ ಕಚ್ಚದೆ ಪಕ್ಕಕ್ಕೆ ಓಡುತ್ತದೆ. ಹಿಂದಿನ ಚಕ್ರ ಜಾರಿದರೆ ಹ್ಯಾಂಡಲ್ ತಿರುಗಿಸಿ ಸುಧಾರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸುಧಾರಿಸುವ ಚಕ್ರವೇ ಕೈಕೊಟ್ಟಂತೆ. ಎದೆ ತಗ್ಗಿಸಿ, ಮೊಣಕೈ ಅಗಲಿಸಿ, ಹಿಮ್ಮಡಿ ಕೆಳಗೆ ಒತ್ತಿ. ಸೀಟು 8–10 ಸೆಂ.ಮೀ. ಇಳಿಸಿಕೊಳ್ಳಿ.

ತಿರುವಿನ ವಿಷಯಕ್ಕೆ ಬಂದರೆ, ಹಿಡಿತವೆಂಬುದು ಇಬ್ಬರಿಗೆ ಇರುವ ಒಂದೇ ಕೊಡೆ. ಬ್ರೇಕು, ತಿರುವು ಎರಡೂ ಅದರಡಿ ನಿಲ್ಲಬೇಕು. ಒಬ್ಬ ಎಳೆದುಕೊಂಡಷ್ಟೂ ಇನ್ನೊಬ್ಬ ನೆನೆಯುತ್ತಾನೆ. ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಎಳೆಯುವುದರಿಂದ ಲೆಕ್ಕ ಮಾತ್ರ ನೇರ ಕಳೆಯುವುದಲ್ಲ: ಇದ್ದ ಹಿಡಿತದಲ್ಲಿ ಶೇ. 80 ತಿರುವಿಗೆ ಹೋದರೆ ಬ್ರೇಕಿಗೆ ಶೇ. 60 ಉಳಿಯುತ್ತದೆ. ಪೂರ್ತಿ 100 ತಿರುವಿಗೆ ಹೋದರೆ ಬೆರಳು ಸೋಕಿಸಿದರೂ ಸಾಕು, ಕೊಡೆ ಹಾರಿತು. ಆದ್ದರಿಂದ ವೇಗ ಇಳಿಸುವ ಕೆಲಸ ತಿರುವಿನ ಮೊದಲು, ಸೈಕಲ್ಲು ನೆಟ್ಟಗಿರುವಾಗಲೇ ಮುಗಿಯಬೇಕು.

ನೆಲದ ಬಣ್ಣ ಓದುವುದು ಉಳಿದರ್ಧ ವಿದ್ಯೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕಲ್ಲಿಗೆ 1807ರಲ್ಲಿ, ಇಟ್ಟಿಗೆಯ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರು ಕೊಟ್ಟ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಕೂತೇ ಇದೆ! ರಂಧ್ರ ತುಂಬಿದ, ತರಿತರಿಯಾದ ಈ ಕೆಂಪು ಕಲ್ಲು ಜಡಿಮಳೆಯಲ್ಲಿ ತೊಳೆದು ನಿಂತಾಗ ಟೈರನ್ನು ಚೆನ್ನಾಗಿ ಹಿಡಿಯುತ್ತದೆ. ಅದೇ ಕಲ್ಲು ಮರದ ನೆರಳಲ್ಲಿ ಕಪ್ಪು-ಹಸಿರಾಗಿದ್ದರೆ ಹಾವಸೆ ಕಟ್ಟಿದೆ. ಪಾಚಿ ಸ್ರವಿಸುವ ಲೋಳೆ ರಂಧ್ರಗಳನ್ನು ಮುಚ್ಚಿ, ರಬ್ಬರು ಕಲ್ಲನ್ನು ಮುಟ್ಟದಂತೆ ತಡೆಯುತ್ತದೆ. ಕೆಂಪು ಕಂಡಲ್ಲಿ ಬ್ರೇಕು, ಕಪ್ಪು ಕಂಡಲ್ಲಿ ಉರುಳಲು ಬಿಡಿ. ಮುಂಗಾರಿನ ಮೊದಲ ಮಳೆಯ ದಿನ ಬಣ್ಣವನ್ನೂ ನಂಬಬೇಡಿ. ಬೇಸಿಗೆಯ ಧೂಳು ಕಲಸಿದ ಹಿಟ್ಟಾಗಿರುತ್ತದೆ.

ಗಾಳಿಯ ಬಗ್ಗೆ ಒಂದು ಮಾತು. ಮಳೆನೀರಿನ ಮೇಲೆ ಟೈರು ತೇಲುತ್ತದೆ, ಗಟ್ಟಿಯಾಗಿ ತುಂಬಿಸು ಎನ್ನುವವರಿದ್ದಾರೆ. ವಿಮಾನದ ಟೈರುಗಳಿಗೆ ಬಳಸುವ ಸೂತ್ರದ ಪ್ರಕಾರ 25 ಪಿಎಸ್‌ಐ ಒತ್ತಡದ ಟೈರು ನೀರಿನ ಮೇಲೆ ತೇಲಲು ಗಂಟೆಗೆ 83 ಕಿ.ಮೀ. ವೇಗ ಬೇಕು. ಆ ಚಿಂತೆ ಬಿಡಿ. 50 ಕೆ.ಜಿ. ಹೊತ್ತ ಚಕ್ರ 40 ಪಿಎಸ್‌ಐಯಲ್ಲಿ ಸುಮಾರು 18 ಚದರ ಸೆಂ.ಮೀ. ನೆಲ ಮುಟ್ಟಿದರೆ, 22ರಲ್ಲಿ 32 ಮುಟ್ಟುತ್ತದೆ. ಬೇರು, ಕಲ್ಲುಗಳನ್ನು ಅಪ್ಪಿಕೊಳ್ಳುತ್ತದೆ. 75 ಕೆ.ಜಿ.ಯ ಸವಾರ, 2.4 ಇಂಚಿನ ಟ್ಯೂಬ್‌ಲೆಸ್ ಟೈರಾದರೆ ಮುಂದೆ 20–22, ಹಿಂದೆ 23–25. ಟ್ಯೂಬ್ ಇದ್ದರೆ 4–5 ಹೆಚ್ಚಿಸಿ, ಇಲ್ಲವೇ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಕಲಿಸುವವರು ಕೊಡಚಾದ್ರಿಯಿಂದ ಆರಂಭಿಸಬೇಕಿಲ್ಲ. ಶಾಲಾ ಮೈದಾನದ ಒದ್ದೆ ಹುಲ್ಲು ಸಾಕು. ನಮ್ಮಲ್ಲಿ ಮಾರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ. ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ, ನೇರ ಗೆರೆಯಲ್ಲಿ, ಒಂದೇ ಬೆರಳಿನಿಂದ ಮುಂದಿನ ಬ್ರೇಕನ್ನು ಹಾಲು ಕರೆದಂತೆ ಮೆಲ್ಲಗೆ ಒತ್ತುತ್ತಾ ಹೋಗಿ. ಚಕ್ರ ಲಾಕ್ ಆಗಿ ಜಾರಲು ಶುರುವಾದ ಕ್ಷಣ ಬಿಡಿ. ಬಿಟ್ಟೊಡನೆ ಉರುಳುವ ಚಕ್ರ ಮತ್ತೆ ಮಾತು ಕೇಳುತ್ತದೆ. 20 ಸಲ ಮಾಡಿದರೆ ಆ ಅಂಚು ಎಲ್ಲಿದೆಯೆಂದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಎರಡೂ ಬ್ರೇಕು, ಆಮೇಲೆ ಇಳಿಜಾರು. ಕೆಮ್ಮಣ್ಣಿನ ಕೆಸರು ಮೆತ್ತನೆಯ ಆರ್ಗ್ಯಾನಿಕ್ ಬ್ರೇಕ್ ಪ್ಯಾಡುಗಳನ್ನು ಬೇಗ ಸವೆಸುವುದರಿಂದ ಮಳೆಗಾಲಕ್ಕೆ ಲೋಹದ ಪುಡಿಯ ಸಿಂಟರ್ಡ್ ಪ್ಯಾಡು ಹಾಕಿಸಿ.

ಅಡಿಕೆ ಮರದ ಸಂಕ ಎದುರಾದರೆ ಮೇಲಿನ ಯಾವ ಲೆಕ್ಕವೂ ನಡೆಯದು. ಇಳಿದು, ಸೈಕಲ್ಲು ಹೆಗಲಿಗೇರಿಸಿ ದಾಟಿ. ಆಚೆ ದಡದಲ್ಲಿ ಕಾಲಿಗೆ ಹತ್ತಿದ ಉಂಬಳ ಎಣಿಸಿಕೊಂಡು ಮುಂದೆ ಹೊರಡಿ.